ಅಲ್ಪಾಕದ ಹುಲ್ಲುಗಾವಲಿಗೆ ಗೊಬ್ಬರ



ಹಿಂದಿನ ತಲೆಮಾರಿನ ವಕೀಲರೂ ಅಧಿಕಾರಿಗಳೂ ಕಚೇರಿಗೆ ತೊಟ್ಟುಹೋಗುತ್ತಿದ್ದ ತೆಳುವಾದ, ಮಿರುಗುವ ಕರಿಯ ಕೋಟಿನ ಬಟ್ಟೆಗೆ ಅಲ್ಪಾಕವೆಂದು ಹೆಸರಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಹಿರಿಯರ ಬಾಯಲ್ಲಿ ಕೇಳಿರಬಹುದು. ಆ ಬಟ್ಟೆಗೆ ಆ ಹೆಸರು ಬಂದುದು ಒಂದು ಪ್ರಾಣಿಯಿಂದ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಮೇಲೆ ಮೇಯುವ, ಒಂಟೆಯ ಬಳಗಕ್ಕೆ ಸೇರಿದರೂ ಡುಬ್ಬವಿಲ್ಲದ, ನೀಳವಾದ ಕತ್ತಿನ, ಉಣ್ಣೆಯಿಂದ ಮುಚ್ಚಿದ ಮೈಯ ಸಾಧುಪ್ರಾಣಿಯೇ ಅಲ್ಪಾಕ. ನಾನು ಈ ಹೊತ್ತು ಹೇಳಲು ಹೊರಟಿರುವುದು ಆ ಪ್ರಾಣಿ ಮೇಯುವ ಹುಲ್ಲನ್ನು ಕುರಿತು. ಮುಖ್ಯವಾಗಿ ಆ ಹುಲ್ಲಿಗೆ ಹಾಕುವ ಗೊಬ್ಬರವನ್ನು ಕುರಿತು.

ಪಟ್ಟಣವಾಸಿಗಳಾದ ನಿಮಗೆ ಈ ವಿಷಯದಿಂದ ಏನು ಪ್ರಯೋಜನವೆಂಬ ಶಂಕೆ ಬರುವುದು ಸಹಜ. ಆದರೆ ಇದರಲ್ಲಿ ಎಲ್ಲರೂ ಯೋಚಿಸತಕ್ಕ ಒಂದು ಪ್ರಶ್ನೆ ಅಡಗಿದೆ. ಗೊಬ್ಬರವು ಹುಲ್ಲಿಗೆ ಆಹಾರ. ಹುಲ್ಲು ಪ್ರಾಣಿಗೆ ಆಹಾರ. ಆದಕಾರಣ ಗೊಬ್ಬರ ಹೆಚ್ಚಿದಷ್ಟೂ ಪ್ರಾಣಿಗೆ ಕ್ಷೇಮವೆಂದು ಊಹಿಸುವುದು ಸುಲಭ. ಈ ಊಹೆ ನೋಡುವುದಕ್ಕೆ ನೇರವಾಗಿದ್ದರೂ ನಡುವಣ ಒಂದು ಮೆಟ್ಟಿಲನ್ನು ಹಾರಿಬಿಟ್ಟಿದೆ. ಗೊಬ್ಬರವು ಹುಲ್ಲಾಗುವುದಕ್ಕೆ ಕಾಲ ಬೇಕು. ಆ ಕಾಲ ತುಂಬುವ ಮೊದಲೇ ಪ್ರಾಣಿ ಬಾಯಿಟ್ಟರೆ ಅದರ ಹೊಟ್ಟೆಗೆ ಸೇರುವುದು ಹುಲ್ಲಿನ ಹೆಸರಿನ ಅರೆಬೆಂದ ಗೊಬ್ಬರ. ಅರೆಬೆಂದ ಅನ್ನ ನಮಗೆ ಹೊಟ್ಟೆನೋವು ತಂದೀತು. ಅರೆಬೆಂದ ಗೊಬ್ಬರ ಅಲ್ಪಾಕದ ಪ್ರಾಣವನ್ನೇ ತೆಗೆದೀತು. ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಪ್ರಾಣಿಯ ಪರಿಚಯವಾಗಬೇಕು.

ಅಲ್ಪಾಕದ ತವರು ಪೆರು ಮತ್ತು ಬೊಲಿವಿಯ ದೇಶಗಳ ಎತ್ತರದ ಬಯಲು. ಅಲ್ಲಿನವರು ಆ ಬಯಲನ್ನು ಪೂನಾ ಎಂದು ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ ಅದು ಹರಡಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 2,000 ಮೀಟರನ್ನು ಮುಟ್ಟುವುದಿಲ್ಲವೆಂದರೆ ಆ ಎತ್ತರದ ಕಲ್ಪನೆ ಬಂದೀತು. ಅಲ್ಲಿ ಗಾಳಿ ವಿರಳ. ಹಗಲು ಬಿಸಿಲು ತೀಕ್ಷ್ಣ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ವಿಕೂನ್ಯ ಎಂಬ ಕಾಡುಪ್ರಾಣಿಯನ್ನು ಸುಮಾರು ಆರು ಸಾವಿರ ವರ್ಷಗಳ ಹಿಂದೆ ಆ ಬಯಲಿನ ಜನ ಪಳಗಿಸಿದುದರಿಂದ ಅಲ್ಪಾಕ ಉಂಟಾಯಿತೆಂದು ಪ್ರಾಚೀನ ಅವಶೇಷಗಳೂ, 2001ರಲ್ಲಿ ಪ್ರಕಟವಾದ ವಂಶವಾಹಿಗಳ ಪರಿಶೋಧನೆಯೂ ತೋರಿಸಿವೆ. ಇಂದಿಗೂ ಲೋಕದಲ್ಲಿರುವ ಅಲ್ಪಾಕಗಳಲ್ಲಿ ಬಹುಭಾಗ ಪೆರು ದೇಶದಲ್ಲಿಯೇ ಇವೆ.

ಈ ಪ್ರಾಣಿಯ ಶರೀರರಚನೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ನಾಲ್ಕು ವಿಶೇಷಗಳುಂಟು. ಮೊದಲನೆಯದು ಅದರ ಹೊಟ್ಟೆ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳಾದರೆ ಅಲ್ಪಾಕದ್ದಕ್ಕೆ ಮೂರು. ಆದರೂ ಅದು ಮೆಲುಕು ಹಾಕುತ್ತದೆ. ಅದರ ಮುಂಗೋಣೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಯಿಸಿ ಜೀರ್ಣಕ್ಕೆ ಒದಗಿಸುತ್ತವೆ. ಒಣಗಿದ ಒರಟು ಹುಲ್ಲಿನಿಂದಲೂ ಸಾರವನ್ನು ಹಿಂಡಿಕೊಳ್ಳುವ ಶಕ್ತಿ ಇದಕ್ಕೆ ಬಂದಿರುವುದು ಈ ಏರ್ಪಾಡಿನಿಂದಲೇ. ಎರಡನೆಯದು ಅದರ ರಕ್ತ. ಅದರ ಕೆಂಪು ರಕ್ತಕಣಗಳು ನಮ್ಮವುಗಳಂತೆ ದುಂಡಗಿರದೆ ಸಣ್ಣದಾಗಿ, ಅಂಡಾಕಾರವಾಗಿವೆ. ವಿರಳವಾದ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮೂರನೆಯದು ಅದರ ಪಾದ. ಗೊರಸಿಗೆ ಬದಲಾಗಿ ಎರಡು ಬೆರಳೂ ಮೆತ್ತೆಯಂತಹ ಅಂಗಾಲೂ ಇರುವುದರಿಂದ ಅದು ನಡೆದ ನೆಲ ಅಷ್ಟಾಗಿ ಕಲಕುವುದಿಲ್ಲ.

ನಾಲ್ಕನೆಯದು ಒಂದು ಅಭ್ಯಾಸ. ಅಲ್ಪಾಕದ ಮಂದೆ ಹುಲ್ಲುಗಾವಲಿನಲ್ಲಿ ಕೆಲವು ಸ್ಥಳಗಳನ್ನು ಗೊತ್ತುಮಾಡಿಕೊಂಡು, ಅಲ್ಲಿಗೇ ಹೋಗಿ ಹಿಕ್ಕೆ ಹಾಕುತ್ತದೆ. ಆ ಸ್ಥಳದ ಸುತ್ತಲಿನ ಹುಲ್ಲನ್ನು ಮೇಯಲು ಹಿಂಜರಿಯುತ್ತದೆ. ನಮ್ಮ ರೈತರು ಹೊಲದಲ್ಲಿ ರಾತ್ರಿಯ ಹೊತ್ತು ಕುರಿಮಂದೆ ನಿಲ್ಲಿಸುವ ಪದ್ಧತಿಯನ್ನು ನೀವು ಬಲ್ಲಿರಿ. ಕುರಿ ಮಲಗಿದ ನೆಲಕ್ಕೆಲ್ಲ ಗೊಬ್ಬರವಾಗುತ್ತದೆಂಬುದೇ ಅದರ ಮರ್ಮ. ಅಲ್ಪಾಕವಾದರೋ ಇಡೀ ಬಯಲಿನ ಸಾರವನ್ನು ಮೇಯ್ದು ತಂದು ನಾಲ್ಕಾರು ತಿಪ್ಪೆಗಳಲ್ಲಿ ಕೂಡಿಡುತ್ತದೆ. ಇದರಿಂದ ಹುಳುಬಾಧೆ ಕಡಿಮೆಯಾಗುವುದು ಲಾಭ. ಉಳಿದ ನೆಲ ವರ್ಷವರ್ಷಕ್ಕೆ ಬಡವಾಗುವುದು ನಷ್ಟ. ಬೇಲಿಯೊಳಗಿನ ಸಣ್ಣ ಹುಲ್ಲುಗಾವಲಿನಲ್ಲಿ ಈ ನಷ್ಟ ಬೇಗನೆ ಕಣ್ಣಿಗೆ ಬೀಳುತ್ತದೆ. ಗೊಬ್ಬರದ ಪ್ರಶ್ನೆ ಏಳುವುದು ಅಲ್ಲಿಯೇ.

ತವರಿನಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಪೂನಾ ಬಯಲು ವಿಶಾಲ; ಇಚು ಎಂಬ ಒರಟು ಹುಲ್ಲು ಅಲ್ಲಿ ಕುಚ್ಚುಕುಚ್ಚಾಗಿ ಬೆಳೆಯುತ್ತದೆ. ಹಿಮ ಕರಗಿದ ನೀರೂ ಚಿಲುಮೆಯ ನೀರೂ ನಿಲ್ಲುವ ತಗ್ಗುಗಳಲ್ಲಿ ಮೆತ್ತೆಯಂತೆ ದಟ್ಟವಾಗಿ ಹಬ್ಬಿದ ಹಸುರು ಜವುಗುಗಳುಂಟು. ಅವುಗಳಿಗೆ ಬೊಫೆದಾಲ್ ಎಂದು ಹೆಸರು. ಮಳೆಯಿಲ್ಲದ ತಿಂಗಳುಗಳಲ್ಲಿ ಅಲ್ಪಾಕಕ್ಕೆ ಅವೇ ಆಧಾರ. ಅಲ್ಲಿನ ಕುರುಬರು ಸಣ್ಣ ಕಾಲುವೆಗಳನ್ನು ತೋಡಿ, ನೀರನ್ನು ತಿರುಗಿಸಿ, ಆ ಜವುಗುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ತಿಪ್ಪೆಯ ಹಿಕ್ಕೆಯಲ್ಲಿ ಸ್ವಲ್ಪ ಒಲೆಗೆ ಉರುವಲಾಗುತ್ತದೆ, ಸ್ವಲ್ಪ ಆಲೂಗೆಡ್ಡೆಯ ಹೊಲಕ್ಕೆ ಗೊಬ್ಬರವಾಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹುಲ್ಲುಗಾವಲಿಗೆ ಗೊಬ್ಬರದ ಮೂಟೆಯನ್ನೇ ಕಾಣದ ಈ ನಾಡು ಲೋಕಕ್ಕೆಲ್ಲ ಗೊಬ್ಬರವನ್ನು ಹಂಚಿತು. ಪೆರುವಿನ ಕರಾವಳಿಯ ಚಿಂಚಾ ಮೊದಲಾದ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಶತಮಾನಗಳಿಂದ ಬಿದ್ದು, ಮಳೆಯಿಲ್ಲದ ಹವೆಯಲ್ಲಿ ಗುಡ್ಡದಂತೆ ಪೇರಿತ್ತು. ಕೆಚುವಾ ಭಾಷೆಯಲ್ಲಿ ಅದಕ್ಕೆ ವಾನು ಎಂದು ಹೆಸರು; ಗ್ವಾನೋ ಎಂಬ ಲೋಕಪ್ರಸಿದ್ಧವಾದ ಮಾತು ಅದರಿಂದಲೇ ಹುಟ್ಟಿದ್ದು. ಜರ್ಮನಿಯ ಹಂಬೋಲ್ಟ್ ಪಂಡಿತನು 1804ರಲ್ಲಿ ಅದರ ಮಾದರಿಯನ್ನು ಯೂರೋಪಿಗೆ ಒಯ್ದನು. 1840ರಿಂದ ಮುಂದಕ್ಕೆ ಹಡಗುಗಟ್ಟಲೆ ಗ್ವಾನೋ ಇಂಗ್ಲೆಂಡಿನ ಹೊಲಗಳಿಗೆ ಹೋಯಿತು. ಆ ಬಳಿಕ ಅಟಕಾಮಾ ಮರುಭೂಮಿಯ ಪೆಟ್ಲುಪ್ಪಿನ ಸರದಿ ಬಂತು. ಅದರ ಒಡೆತನಕ್ಕಾಗಿ 1879ರಲ್ಲಿ ಚಿಲಿ ದೇಶಕ್ಕೂ ಪೆರು ಬೊಲಿವಿಯಗಳಿಗೂ ಯುದ್ಧವೇ ನಡೆದು, ಬೊಲಿವಿಯ ತನ್ನ ಸಮುದ್ರತೀರವನ್ನೆಲ್ಲ ಕಳೆದುಕೊಂಡಿತು. ಜರ್ಮನಿಯ ಹಾಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯವನ್ನು ತಯಾರಿಸುವ ಉಪಾಯವನ್ನು ತೋರಿಸಿದ ಮೇಲೆ, 1913ರಲ್ಲಿ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ ಮೇಲೆ, ಗೊಬ್ಬರಕ್ಕಾಗಿ ಹಕ್ಕಿಯನ್ನೂ ಮರುಭೂಮಿಯನ್ನೂ ಕಾಯಬೇಕಾದ ಅಗತ್ಯ ಕಳೆಯಿತು. ನಮ್ಮ ಮೈಸೂರಿನ ಸಮೀಪದ ಬೆಳಗೊಳದಲ್ಲಿ 1930ರ ದಶಕದ ಕೊನೆಯ ಭಾಗದಲ್ಲಿ ಸ್ಥಾಪಿತವಾದ ಅಮೋನಿಯ ಕಾರ್ಖಾನೆ ಭಾರತದಲ್ಲಿ ಈ ಬಗೆಯ ಮೊದಮೊದಲಿನವುಗಳಲ್ಲಿ ಒಂದು. ಹೀಗೆ ಸಾರಜನಕವು ಮೂಟೆಯಲ್ಲಿ ಸುಲಭವಾಗಿ ದೊರೆಯುವ ವಸ್ತುವಾಯಿತು.

ಇತ್ತ ಅಲ್ಪಾಕವೂ ತವರನ್ನು ಬಿಟ್ಟು ಹೊರಟಿತು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಟೈಟಸ್ ಸಾಲ್ಟ್ ಎಂಬ ಗಿರಣಿಯ ಯಜಮಾನನು 1830ರ ದಶಕದಲ್ಲಿ ಅದರ ಉಣ್ಣೆಯಿಂದ ಮಿರುಗುವ ಬಟ್ಟೆಯನ್ನು ನೇಯಿಸಿ ಐಶ್ವರ್ಯವಂತನಾದ ಮೇಲೆ, ಪ್ರಾಣಿಯನ್ನೇ ತಮ್ಮ ದೇಶಗಳಿಗೆ ತರಬೇಕೆಂಬ ಆಸೆ ಅನೇಕರಿಗೆ ಹುಟ್ಟಿತು. ಚಾರ್ಲ್ಸ್ ಲೆಡ್ಜರ್ ಎಂಬ ವರ್ತಕನು ಇನ್ನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಬಹು ಕಷ್ಟದಿಂದ ಆಂಡೀಸ್ ದಾಟಿಸಿ 1858ರಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಮುಟ್ಟಿಸಿದನು. ಆ ಪ್ರಯತ್ನ ನೆಲೆಗೊಳ್ಳಲಿಲ್ಲ. 1980ರ ದಶಕದಿಂದ ಈಚೆಗೆ ಮಾತ್ರ ಅಮೆರಿಕದ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್ ಮೊದಲಾದ ಕಡೆಗಳಲ್ಲಿ ಅಲ್ಪಾಕದ ಮಂದೆಗಳು ನೆಲೆನಿಂತಿವೆ. ಅಲ್ಲಿ ಅವು ಮೇಯುವುದು ಮಳೆ ಚೆನ್ನಾಗಿ ಬೀಳುವ, ಬೇಲಿ ಹಾಕಿದ, ಯಂತ್ರದಿಂದ ಗೊಬ್ಬರ ಎರಚಿದ ಹಚ್ಚಹಸುರಾದ ಗದ್ದೆಗಳಲ್ಲಿ. ಒರಟು ಇಚು ಹುಲ್ಲಿಗೆ ಹೊಂದಿದ ಹೊಟ್ಟೆ, ಸಾರಜನಕದಿಂದ ಕೊಬ್ಬಿದ ಹುಲ್ಲಿನ ಎದುರಿಗೆ ನಿಂತಿತು.

ಗೊಬ್ಬರ ಹುಲ್ಲುಗಾವಲಿಗೆ ಏನು ಮಾಡುತ್ತದೆಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಒಂದು ಪ್ರಯೋಗ ನಡೆದಿದೆ. ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು 1856ರಲ್ಲಿ ಒಂದು ಹಳೆಯ ಹುಲ್ಲುಗಾವಲನ್ನು ಪಟ್ಟೆಪಟ್ಟೆಯಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕತೊಡಗಿದರು. ಆ ಪ್ರಯೋಗ ಇಂದಿಗೂ ನಿಂತಿಲ್ಲ. ಯಾವ ಗೊಬ್ಬರವನ್ನೂ ಕಾಣದ ಪಟ್ಟೆಯಲ್ಲಿ ಇಳುವರಿ ಕಡಿಮೆ, ಆದರೆ ಹುಲ್ಲು, ಹೂಗಿಡ, ದ್ವಿದಳ ಸಸ್ಯಗಳು ಸೇರಿ ಮೂವತ್ತಕ್ಕೂ ಹೆಚ್ಚು ಜಾತಿಗಳು ಉಳಿದಿವೆ. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಧಾರಾಳವಾಗಿ ಉಂಡ ಪಟ್ಟೆಯ ಮಣ್ಣು ಹುಳಿಯೇರಿ, ಅಲ್ಲಿ ಎರಡು ಮೂರು ಜಾತಿಯ ಹುಲ್ಲಿಗಿಂತ ಹೆಚ್ಚಿಲ್ಲ. ಪ್ರಾಣಿಗೆ ಬೇಕಾದುದು ಬಗೆಬಗೆಯ ಮೇವು. ಆದಕಾರಣ ಹುಲ್ಲಿನ ರಾಶಿ ಹೆಚ್ಚಿದೊಡನೆ ಮೇವಿನ ಗುಣ ಹೆಚ್ಚಿತೆಂದು ತಿಳಿಯತಕ್ಕದ್ದಲ್ಲ.

ಇನ್ನು ಅಪಾಯಗಳ ವಿಚಾರ. ಮೊದಲನೆಯದು ಗೊಬ್ಬರದ ಹರಳು ನೇರವಾಗಿ ಹೊಟ್ಟೆಗೆ ಸೇರುವುದು. ಯೂರಿಯಾ ಬಿಳಿಯ ಉಪ್ಪಿನಂತೆ ಕಾಣುತ್ತದೆ. ಪ್ರಾಣಿಗಳು ಅದನ್ನು ನೆಕ್ಕುತ್ತವೆ. ಮುಂಗೋಣೆಯ ಸೂಕ್ಷ್ಮಜೀವಿಗಳು ಅದನ್ನು ಕ್ಷಣಮಾತ್ರದಲ್ಲಿ ಅಮೋನಿಯವಾಗಿ ಒಡೆಯುತ್ತವೆ. ಅಮೋನಿಯ ಮಿತಿಮೀರಿ ರಕ್ತಕ್ಕೆ ಸೇರಿದರೆ ನಡುಕ, ಹೊಟ್ಟೆಯುಬ್ಬರ, ಸೆಳವು ಹುಟ್ಟಿ ಪ್ರಾಣಿ ಸಾಯುತ್ತದೆ. ಸಮವಾಗಿ ಎರಚಿ ಮಳೆಯಲ್ಲಿ ಕರಗಿದ ಗೊಬ್ಬರದಿಂದ ಈ ಭಯ ಅಷ್ಟಿಲ್ಲ. ಮೂಟೆ ಹರಿದು ಚೆಲ್ಲಿದ ಕಡೆ, ಯಂತ್ರ ತುಂಬಿದ ಕಡೆ, ಬೇಲಿಯ ಮೂಲೆಯಲ್ಲಿ ಮರೆತುಬಿಟ್ಟ ಚೀಲದ ತಳದಲ್ಲಿ ಮೃತ್ಯು ಕಾದಿರುತ್ತದೆ. ಚೆಲ್ಲಿದುದನ್ನು ಗುದ್ದಲಿಯಿಂದ ಬಾಚಿ ತೆಗೆಯುವವರೆಗೆ ಗೇಟನ್ನು ತೆರೆಯತಕ್ಕದ್ದಲ್ಲ.

ಎರಡನೆಯ ಅಪಾಯ ಕಣ್ಣಿಗೆ ಕಾಣದು. ಆದುದರಿಂದಲೇ ಹೆಚ್ಚು ಭಯಂಕರವಾದುದು. ಬೇರು ಮಣ್ಣಿನಿಂದ ಸಾರಜನಕವನ್ನು ಬಹುಮಟ್ಟಿಗೆ ನೈಟ್ರೇಟ್ ರೂಪದಲ್ಲಿ ಹೀರುತ್ತದೆ. ಬಿಸಿಲೂ ನೀರೂ ಸರಿಯಾಗಿದ್ದರೆ ಎಲೆಯು ಅದನ್ನು ಸಸಾರಜನಕವಾಗಿ, ಎಂದರೆ ನಾವು ಪ್ರೋಟೀನೆಂದು ಕರೆಯುವ ಪುಷ್ಟಿಯಾಗಿ ಮಾರ್ಪಡಿಸುತ್ತದೆ. ಗೊಬ್ಬರ ಹಾಕಿದ ಕೆಲವು ದಿನಗಳಲ್ಲಿ, ಇಲ್ಲವೆ ಮೋಡ ಕವಿದಾಗ, ಬರ ಹಿಡಿದಾಗ, ಇಬ್ಬನಿ ಕೊರೆದು ಎಲೆ ಕುಗ್ಗಿದಾಗ, ಬೇರು ಹೀರುವ ವೇಗಕ್ಕೆ ಎಲೆಯ ಕೆಲಸ ಸರಿಗಟ್ಟಲಾರದೆ ನೈಟ್ರೇಟು ಹಾಗೆಯೇ ಕಾಂಡದಲ್ಲಿ, ಅದರಲ್ಲಿಯೂ ಬುಡದಲ್ಲಿ, ನಿಂತುಬಿಡುತ್ತದೆ. ಇಂತಹ ಹುಲ್ಲನ್ನು ಪ್ರಾಣಿ ಮೇಯ್ದಾಗ ಮುಂಗೋಣೆಯಲ್ಲಿ ನೈಟ್ರೇಟು ನೈಟ್ರೈಟಾಗುತ್ತದೆ. ಅದು ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನನ್ನು ಆ ಕೆಲಸಕ್ಕೆ ಬಾರದಂತೆ ಕೆಡಿಸುತ್ತದೆ. ರಕ್ತ ಕೆಂಪಾಗಿರದೆ ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. ಪ್ರಾಣಿ ಏದುಸಿರು ಬಿಡುತ್ತದೆ, ತೂರಾಡುತ್ತದೆ, ಒಸಡು ನೀಲಿಯಾಗಿ ಇಲ್ಲವೆ ಕಂದಾಗಿ ಕಾಣುತ್ತದೆ. ಕೆಲವು ಗಂಟೆಗಳಲ್ಲಿ ಎಲ್ಲವೂ ಮುಗಿಯಬಹುದು. ನಾಲ್ಕು ಸಾವಿರ ಮೀಟರ್ ಎತ್ತರದ ವಿರಳ ಗಾಳಿಯಲ್ಲಿಯೂ ಸೋಲದ ಆ ರಕ್ತ, ಗಾಳಿ ತುಂಬಿತುಳುಕುವ ತಗ್ಗಿನ ಹಸುರು ಗದ್ದೆಯಲ್ಲಿ ಉಸಿರಿಗೆ ಮಿಡುಕುವುದು ಎಂತಹ ದೈನ್ಯ!

ಇದಕ್ಕೆ ಅಳತೆಯುಂಟು. ಒಣಗಿಸಿದ ಮೇವಿನಲ್ಲಿ ನೈಟ್ರೇಟಿನ ಅಂಶ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಅರ್ಧದಿಂದ ಒಂದರವರೆಗೆ ಎಚ್ಚರದಿಂದ, ಬೇರೆ ಮೇವಿನೊಡನೆ ಬೆರಸಿ ಕೊಡತಕ್ಕದ್ದು. ಒಂದನ್ನು ಮೀರಿದರೆ ಅಪಾಯ. ಇಂತಹ ಹುಲ್ಲನ್ನು ಕೊಯ್ದು ಒಣಗಿಸಿದ ಮಾತ್ರಕ್ಕೆ ನೈಟ್ರೇಟು ಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು. ನಮ್ಮ ಬಯಲುಸೀಮೆಯ ರೈತನಿಗೆ ಇದಕ್ಕೆ ಹತ್ತಿರದ ಒಂದು ಅನುಭವವುಂಟು. ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರಿಗೆ ಅವನು ದನವನ್ನು ಬಿಡುವುದಿಲ್ಲ. ಎಳೆ ಜೋಳದಲ್ಲಿ ಇನ್ನೊಂದು ಬಗೆಯ ವಿಷವಿರುವುದು ಇದಕ್ಕೆ ಮುಖ್ಯ ಕಾರಣವಾದರೂ, ಬರದಲ್ಲಿ ನೈಟ್ರೇಟನ್ನು ಕೂಡಿಡುವ ಪೈರುಗಳಲ್ಲಿ ಜೋಳವೂ ಒಂದು. ಹಸುರಾಗಿರುವುದೆಲ್ಲ ಮೇವಲ್ಲವೆಂಬ ವಿವೇಕ ಎರಡು ಕಡೆಯೂ ಒಂದೇ.

ಮೂರನೆಯದಾಗಿ, ಚಳಿಗಾಲ ಕಳೆದು ಹುಲ್ಲು ಚಿಗುರುವ ಸಮಯದಲ್ಲಿ ಪೊಟ್ಯಾಷನ್ನು ಅತಿಯಾಗಿ ಹಾಕಿದರೆ ಹುಲ್ಲು ಮಗ್ನೀಸಿಯಮನ್ನು ಹೀರುವುದು ಕುಗ್ಗುತ್ತದೆ. ಇದರಿಂದ ಹಸು ಕುರಿಗಳಲ್ಲಿ ಸೆಳವಿನ ರೋಗ ಬರುವುದು ಚೆನ್ನಾಗಿ ತಿಳಿದಿರುವ ಸಂಗತಿ. ಹಾಲೂಡುವ ಅಲ್ಪಾಕದ ವಿಷಯದಲ್ಲಿಯೂ ಅದೇ ಎಚ್ಚರ ಒಳ್ಳೆಯದು. ನಾಲ್ಕನೆಯದಾಗಿ, ಸಾವಯವವೆಂಬ ಹೆಸರಿದ್ದ ಮಾತ್ರಕ್ಕೆ ಗೊಬ್ಬರ ನಿರಪಾಯವಾಗುವುದಿಲ್ಲ. ಕೋಳಿಯ ಗೊಬ್ಬರದಲ್ಲಿ ಸತ್ತ ಕೋಳಿಯ ಅವಶೇಷವಿದ್ದರೆ ಬಾಟುಲಿಸಮ್ ಎಂಬ ಘೋರವಾದ ವಿಷರೋಗ ಹರಡುತ್ತದೆ. ಹಂದಿ ಕೋಳಿಗಳ ಆಹಾರಕ್ಕೆ ಬೆರಸುವ ತಾಮ್ರ ಅವುಗಳ ಗೊಬ್ಬರದಲ್ಲಿ ಉಳಿದು ಹುಲ್ಲಿನ ಮೇಲೆ ಕೂರುತ್ತದೆ. ಕುರಿಯಂತೆ ಅಲ್ಪಾಕವೂ ಹೆಚ್ಚು ತಾಮ್ರವನ್ನು ತಾಳಲಾರದು. ಮೇಯುವ ಗದ್ದೆಗೆ ಇವುಗಳನ್ನು ಹಾಕದಿರುವುದೇ ಲೇಸು.

ಐದನೆಯ ಅಪಾಯ ಸಮೃದ್ಧಿಯದೇ. ದೊಡ್ಡದಾದ, ಗಬ್ಬವಿಲ್ಲದ ಅಲ್ಪಾಕಕ್ಕೆ ಮೇವಿನಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಪ್ರೋಟೀನಿದ್ದರೆ ಸಾಕು. ಸಾರಜನಕ ಉಂಡ ಎಳೆಹುಲ್ಲಿನಲ್ಲಿ ಅದರ ಎರಡರಷ್ಟು ಇರಬಹುದು. ಪ್ರಾಣಿ ಕೊಬ್ಬಿ ಸೆಕೆಯನ್ನು ತಾಳಲಾರದೆ ಹೋಗುತ್ತದೆ. ಉಣ್ಣೆಯ ಎಳೆಯೂ ದಪ್ಪಗಾಗಿ ಬೆಲೆ ಇಳಿಯುತ್ತದೆ. ಅದಲ್ಲದೆ ಗೊಬ್ಬರಕ್ಕೆ ಬಹು ಬೇಗ ಸೊಕ್ಕುವ ರೈಗ್ರಾಸ್ ಎಂಬ ಹುಲ್ಲು ಉಳಿದ ಜಾತಿಗಳನ್ನು ಒತ್ತಿ ಹಾಕಿದರೆ, ಅದರೊಳಗೂ ಅದರ ಬುಡದ ಒಣ ಕಸದಲ್ಲಿಯೂ ಬೆಳೆಯುವ ಬೂಷ್ಟುಗಳು ವಿಷವನ್ನು ಉಂಟುಮಾಡುತ್ತವೆ. ನ್ಯೂಜಿಲೆಂಡಿನಲ್ಲಿ ಈ ಬೂಷ್ಟುಗಳಿಂದ ನಡುಕದ ರೋಗವೂ ಯಕೃತ್ತನ್ನು ಕೆಡಿಸುವ ರೋಗವೂ ಅಲ್ಪಾಕಗಳನ್ನು ಬಹಳವಾಗಿ ಕಾಡಿವೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಹಾಗಾದರೆ ಗೊಬ್ಬರವೇ ಬೇಡವೆ ಎಂದು ನೀವು ಕೇಳಬಹುದು. ಬೇಕು. ಬಡವಾದ ನೆಲದಲ್ಲಿ ಕಳೆ ಹಬ್ಬುತ್ತದೆ, ಮಣ್ಣು ಬೋಳಾಗುತ್ತದೆ, ಹಸಿದ ಪ್ರಾಣಿ ವಿಷದ ಗಿಡಕ್ಕೂ ಬಾಯಿ ಹಾಕುತ್ತದೆ. ಗೊಬ್ಬರವನ್ನು ಕ್ರಮವರಿತು ಹಾಕಬೇಕಷ್ಟೆ. ಆ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲು ಮಣ್ಣಿನ ಪರೀಕ್ಷೆ. ಗದ್ದೆಯ ಹತ್ತಿಪ್ಪತ್ತು ಕಡೆಗಳಿಂದ, ತಿಪ್ಪೆಯ ಸ್ಥಳಗಳನ್ನು ಬಿಟ್ಟು, ಹಿಡಿ ಹಿಡಿ ಮಣ್ಣು ತೆಗೆದು ಬೆರಸಿ ಪರೀಕ್ಷೆಗೆ ಕಳುಹಿಸಬೇಕು. ತಿಪ್ಪೆಯ ಮಣ್ಣು ಸೇರಿದರೆ ಬಡ ನೆಲವೂ ಶ್ರೀಮಂತವೆಂದು ಉತ್ತರ ಬಂದೀತು. ಎರಡನೆಯದು ಸುಣ್ಣ. ಮಣ್ಣಿನ ಹುಳಿ ಹೆಚ್ಚಾಗಿದ್ದರೆ ಹಾಕಿದ ಗೊಬ್ಬರ ಬೇರಿಗೆ ದಕ್ಕುವುದಿಲ್ಲ. ಹುಳಿಯ ಮಾನ ಆರು ಆರೂವರೆಯ ಸುಮಾರಿಗೆ ಬಂದರೆ ಹುಲ್ಲಿಗೆ ಹಿತ. ಇದಕ್ಕೆ ಸುಡದ ಸುಣ್ಣಕಲ್ಲಿನ ಪುಡಿಯನ್ನು ಬಳಸಬೇಕು. ಸುಟ್ಟ ಸುಣ್ಣ ಬಾಯನ್ನೂ ಪಾದವನ್ನೂ ಬೇಯಿಸುತ್ತದೆ. ಮೂರನೆಯದು ರಂಜಕ. ಅದು ಸಾಕಷ್ಟಿದ್ದರೆ ಕ್ಲೋವರ್ ಮೊದಲಾದ ದ್ವಿದಳ ಸಸ್ಯಗಳು ಹುಲ್ಲಿನ ನಡುವೆ ಬೆಳೆದು, ಗಾಳಿಯ ಸಾರಜನಕವನ್ನು ತಮ್ಮ ಬೇರಿನ ಗಂಟುಗಳಲ್ಲಿ ಹಿಡಿದು ನೆಲಕ್ಕೆ ನಿಧಾನವಾಗಿ ಕೊಡುತ್ತವೆ. ನಿಧಾನವಾಗಿ ದೊರೆಯುವ ಸಾರಜನಕದಿಂದ ಮೂಟೆಯದರಷ್ಟು ಭಯವಿಲ್ಲ.

ಇಷ್ಟಾದ ಮೇಲೂ ಮೂಟೆಯ ಸಾರಜನಕ ಬೇಕಾದರೆ, ಒಂದು ಸಲಕ್ಕೆ ಎಕರೆಗೆ ಶುದ್ಧ ಸಾರಜನಕದ ಲೆಕ್ಕದಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಗ್ರಾಂ ಮೀರದಂತೆ ಹಾಕುವುದು ಕ್ಷೇಮ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರುವುದರಿಂದ 50 ಕಿಲೋಗ್ರಾಂ ಯೂರಿಯಾದಲ್ಲಿಯೇ 23 ಕಿಲೋಗ್ರಾಂ ಆಗಿಹೋಗುತ್ತದೆ. ವರ್ಷದ ಭಾಗವನ್ನೆಲ್ಲ ಒಂದೇ ದಿನ ಸುರಿಯದೆ ಎರಡು ಮೂರು ಕಂತುಗಳಲ್ಲಿ, ಹುಲ್ಲು ಬೆಳೆಯುವ ಕಾಲದಲ್ಲಿ, ಹದಮಳೆಯ ಮುಂಚೆ ಹಾಕಬೇಕು. ಬರದಲ್ಲಿಯೂ ಹಿಮ ಬೀಳುವಾಗಲೂ ಹಾಕಬಾರದು. ಜಡಿಮಳೆಯ ಮುಂಚೆ ಹಾಕಿದರೆ ಗೊಬ್ಬರ ಕೊಚ್ಚಿ ಹೊಳೆಗೆ ಹೋಗುತ್ತದೆ. ಪ್ರಾಣಿ ಕುಡಿಯುವ ಕೆರೆ ತೊರೆಗಳ ಅಂಚಿನಲ್ಲಿ ಕೆಲವು ಮಾರು ನೆಲವನ್ನು ಬಿಟ್ಟುಬಿಡಬೇಕು, ಏಕೆಂದರೆ ನೈಟ್ರೇಟು ನೀರಿನಲ್ಲಿಯೂ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕಾಯುವಿಕೆ. ಹುಲ್ಲುಗಾವಲನ್ನು ಮೂರು ನಾಲ್ಕು ಪಾಲಾಗಿ ಬೇಲಿಯಿಂದ ವಿಂಗಡಿಸಿ, ಒಂದಕ್ಕೆ ಗೊಬ್ಬರ ಹಾಕಿದಾಗ ಮಂದೆ ಬೇರೊಂದರಲ್ಲಿ ಮೇಯುವಂತೆ ಏರ್ಪಡಿಸಬೇಕು. ಹರಳುಗಳೆಲ್ಲ ಕರಗಿ ಮಣ್ಣಿಗಿಳಿಯುವಂತೆ ಮಳೆಯಾಗಿರಬೇಕು. ಎರಡು ವಾರಗಳಾದರೂ, ಸಾಧ್ಯವಿದ್ದರೆ ಮೂರು ವಾರಗಳು, ಕಳೆದಿರಬೇಕು. ಹುಲ್ಲು ಗೇಣುದ್ದಕ್ಕೆ ಹತ್ತಿರವಾಗಿ ಬೆಳೆದಿರಬೇಕು. ಮಳೆ ಬಾರದಿದ್ದರೆ ವಾರಗಳ ಲೆಕ್ಕವನ್ನು ನಂಬದೆ ಇನ್ನೂ ಕಾಯಬೇಕು. ಮಂದೆಯನ್ನು ಬಿಡುವ ದಿನ ಬೆಳಗ್ಗೆ ಒಣಹುಲ್ಲು ತಿನ್ನಿಸಿ, ಹಸಿವು ತಗ್ಗಿದ ಮೇಲೆ ಒಂದೆರಡು ಗಂಟೆ ಮಾತ್ರ ಮೇಯಿಸಿ, ದಿನದಿನಕ್ಕೆ ಹೊತ್ತನ್ನು ಹೆಚ್ಚಿಸಬೇಕು. ಬುಡದವರೆಗೆ ಮೇಯುವಂತೆ ಇಕ್ಕಟ್ಟು ಮಾಡಬಾರದು. ತೂರಾಟವಾಗಲಿ ಏದುಸಿರಾಗಲಿ ಕಂಡೊಡನೆ ಮಂದೆಯನ್ನು ಅಲ್ಲಿಂದ ಮೆಲ್ಲಗೆ ಹೊರಡಿಸಿ ಪಶುವೈದ್ಯರನ್ನು ಕರೆಯಿಸಬೇಕು. ನೈಟ್ರೇಟಿನ ವಿಷಕ್ಕೆ ಮೆಥಿಲೀನ್ ಬ್ಲೂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುವುದುಂಟು. ಅದು ವೈದ್ಯರ ಕೈಯಲ್ಲಿಯೇ ಆಗಬೇಕಾದ ಕೆಲಸ.

ಇನ್ನು ಅಲ್ಪಾಕದ ಸ್ವಂತ ಗೊಬ್ಬರದ ಮಾತು. ಅದು ಕೂಡಿಟ್ಟ ತಿಪ್ಪೆಯೇ ಗದ್ದೆಯಿಂದ ಹೋದ ಸಾರ. ಅದನ್ನು ವಾರಕ್ಕೊಮ್ಮೆ ಬಾಚಿ ಗದ್ದೆಯ ಹೊರಗೆ ರಾಶಿ ಹಾಕಿ, ಒಣಹುಲ್ಲಿನೊಡನೆ ಬೆರಸಿ, ತೇವವಾಗಿಟ್ಟು, ಆಗಾಗ ತಿರುವಿ ಹಾಕಬೇಕು. ರಾಶಿಯ ಒಳಗಿನ ಕಾವು 55 ಡಿಗ್ರಿ ಸೆಂಟಿಗ್ರೇಡಿಗೆ ಏರಿ ಕೆಲವು ದಿನ ನಿಂತರೆ ಹುಳುಗಳ ಮೊಟ್ಟೆಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ತಿಂಗಳುಗಟ್ಟಲೆ ಮಾಗಿ ಕಪ್ಪಾಗಿ, ಮಣ್ಣಿನ ವಾಸನೆ ಬಂದ ಮೇಲೆ ಅದನ್ನು ತೆಳ್ಳಗೆ ಗದ್ದೆಗೆ ಹರಡಿದರೆ, ಪ್ರಾಣಿ ಒಂದೆಡೆ ಕೂಡಿಟ್ಟದ್ದನ್ನು ಮನುಷ್ಯ ಎಲ್ಲೆಡೆಗೆ ಹಂಚಿದಂತಾಯಿತು. ಹಸಿಯ ಹಿಕ್ಕೆಯನ್ನೇ ಗದ್ದೆಯ ಮೇಲೆಲ್ಲ ಚೆಲ್ಲಿದರೆ, ಹುಳುಬಾಧೆಯಿಂದ ದೂರವಿರಲು ಪ್ರಾಣಿ ತಾನೇ ಕಲಿತ ಉಪಾಯವನ್ನು ನಾವು ಕೆಡಿಸಿದಂತಾಗುತ್ತದೆ.

ಇಷ್ಟೊಂದು ಎಚ್ಚರ ಏತಕ್ಕೆಂದರೆ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಅಲ್ಪಾಕ ಗಬ್ಬವನ್ನು ಹೊರುವುದು ಹನ್ನೊಂದು ತಿಂಗಳಿಗೂ ಮಿಕ್ಕ ಕಾಲ. ಹಾಕುವುದು ಒಂದೇ ಮರಿ. ಆ ಮರಿ ಬೆಳೆದು ತಾನು ತಾಯಾಗಲು ಮತ್ತೆ ಎರಡು ಮೂರು ವರ್ಷ. ಒಂದು ಬೆಳಗಿನ ಅಜಾಗರೂಕತೆಯಿಂದ ಹತ್ತು ತಾಯಿಗಳು ಬಿದ್ದರೆ ಆ ಮಂದೆ ಮರಳಿ ಮೊದಲಿನಂತಾಗಲು ವರ್ಷಗಳು ಹಿಡಿಯುತ್ತವೆ. ಗೊಬ್ಬರ ಹಾಕಿ ಕಾಯುವ ಮೂರು ವಾರಗಳನ್ನು ಉಳಿಸಹೋದವನು ಈ ವರ್ಷಗಳನ್ನು ತೆರಬೇಕಾಗುತ್ತದೆ.

ನಿಮ್ಮಲ್ಲಿ ಅಲ್ಪಾಕವನ್ನು ಸಾಕುವವರು ಇರಲಾರರು. ಆದರೆ ಮನೆಯ ಹಿತ್ತಲಿನಲ್ಲಿ ನಾಲ್ಕು ಮಡಿ ಸೊಪ್ಪು ಬೆಳೆಯುವವರಿದ್ದೀರಿ. ಊರಿನಲ್ಲಿ ಹಸು ಕುರಿಗಳನ್ನು ಕಟ್ಟಿದ ಬಂಧುಗಳುಳ್ಳವರಿದ್ದೀರಿ. ಯೂರಿಯಾ ಎರಚಿದ ಮರುದಿನವೇ ಬದುವಿನ ಹುಲ್ಲಿಗೆ ದನವನ್ನು ಬಿಡಬಾರದೆಂದೂ, ಒಡೆದ ಮೂಟೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಡಬಾರದೆಂದೂ ನೀವು ಅವರಿಗೆ ಒಂದು ಮಾತು ಹೇಳಿದರೆ ಈ ಭಾಷಣ ಸಾರ್ಥಕವಾದೀತು. ಹಸುರು ಬಣ್ಣ ಮೂರು ದಿನದಲ್ಲಿ ಬರುತ್ತದೆ. ಮೇವಿನ ಗುಣ ಮೂರು ವಾರಕ್ಕೆ ಬರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯರಿಗಾಗಿ ಹೇಳಿದರು. ಹುಲ್ಲುಗಾವಲಿನ ಒಡೆಯನು ತಾಳಿದರೆ ಅವನೊಡನೆ ಅವನ ಮಂದೆಯೂ ಬಾಳುತ್ತದೆ.